ಎರೆಮಣ್ಣು, ಬಳ್ಳಾರಿ ಜಾಲಿ, ಮೇ ತಿಂಗಳ ಬಿಸಿಲು: ನಮ್ಮ ರಸ್ತೆಗೆ ತಕ್ಕ ಟೈರ್ ಆರಿಸುವುದು ಹೇಗೆ?

ಮೂರು ವರ್ಷದ ಹಿಂದೆ, ಮೇ ತಿಂಗಳ ಒಂದು ಮಧ್ಯಾಹ್ನ, ಸಿರುಗುಪ್ಪ ದಾಟಿ ಸಿಂಧನೂರಿನ ಕಡೆಗೆ ಹೋಗುತ್ತಿದ್ದಾಗ ನನ್ನ ಕಾರಿನ ಹಿಂದಿನ ಎಡ ಟೈರ್ ಒಡೆಯಿತು. ಟೈರ್ ಹಳೆಯದೇನಲ್ಲ, ಬಟನ್, ಅಂದರೆ ನೆಲಕ್ಕೆ ತಾಗುವ ರಬ್ಬರ್ ಗಂಟು, ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು. ಸ್ಟೆಪ್ನಿ ಇಳಿಸಿ ನೋಡಿದರೆ ಅದರಲ್ಲಿ ಗಾಳಿಯೇ ಇಲ್ಲ. ಎರಡು ಟೈರ್‌ಗಳನ್ನೂ ಒಂದು ಟಂಟಂಗೆ ಹೇರಿಕೊಂಡು ಪಂಕ್ಚರ್ ಅಂಗಡಿಗೆ ಹೋದೆ. ಅಂಗಡಿಯ ಹಿರಿಯರು ಒಡೆದ ಟೈರಿನ ಒಳಗೆ ಕೈಯಾಡಿಸಿ ಒಂದು ಹಿಡಿ ಕಪ್ಪು ರಬ್ಬರ್ ಪುಡಿಯನ್ನು ತೆಗೆದು ನನ್ನ ಮುಂದೆ ಸುರಿದರು. ಆಮೇಲೆ ಇಕ್ಕಳದಿಂದ ಮೂರು ಜಾಲಿ ಮುಳ್ಳುಗಳನ್ನು ಕಿತ್ತರು. ‘ಇವು ಚುಚ್ಚಿ ತಿಂಗಳೇ ಆಗಿರಬೇಕು. ಗಾಳಿ ದಿನಾ ಸ್ವಲ್ಪ ಸ್ವಲ್ಪ ಇಳಿದಿದೆ. ನೀವು ನೋಡಿಲ್ಲ. ಈ ಬಿಸಿಲಿನಲ್ಲಿ ಓಡಿಸಿದ್ದೀರಿ, ಒಳಗೇ ಬೆಂದುಹೋಗಿದೆ’ ಎಂದರು.

ಟೈರ್ ಕೊಳ್ಳುವಾಗ ಕಂಪನಿಯ ಹೆಸರು, ಬೆಲೆ, ನೋಟ ಇಷ್ಟನ್ನೇ ಕೇಳುತ್ತಿದ್ದ ನಾನು ಅಂದಿನಿಂದ ಬೇರೆ ಪ್ರಶ್ನೆಗಳನ್ನು ಕೇಳತೊಡಗಿದೆ. ಬಳ್ಳಾರಿ, ರಾಯಚೂರು, ಕೊಪ್ಪಳದ ರಸ್ತೆಗಳು ಟೈರನ್ನು ಹಾಳುಮಾಡುವ ರೀತಿಯೇ ಬೇರೆ. ಬೆಂಗಳೂರಿನ ಮಳೆಗೆ, ಮಲೆನಾಡಿನ ಘಾಟಿಗೆ ಹೇಳಿದ ಸಲಹೆಯನ್ನು ಇಲ್ಲಿಗೆ ತಂದು ಅಂಟಿಸಿದರೆ ಪೂರ್ತಿ ಹೊಂದುವುದಿಲ್ಲ. ಎಲ್ಲ ದಾರಿಗೂ ಸಲ್ಲುವ ಒಂದೇ ಟೈರ್ ಇಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳಿ. ನಿಮ್ಮ ಗಾಡಿ ವೇಗವಾಗಿ ಓಡುವ ರಸ್ತೆ ಯಾವುದೋ ಅದಕ್ಕೆ ತಕ್ಕ ಟೈರ್ ಕೊಂಡು, ಉಳಿದ ದಾರಿಗಳನ್ನು ನಿಧಾನದಿಂದಲೂ ಗಾಳಿಯ ಲೆಕ್ಕದಿಂದಲೂ ನಿಭಾಯಿಸಬೇಕು.

ಮೊದಲ ಹೆಜ್ಜೆ: ರಸ್ತೆಯ ಲೆಕ್ಕ ಬರೆಯಿರಿ

ಎರಡು ವಾರ ಒಂದು ಚೀಟಿ ಇಟ್ಟುಕೊಂಡು, ಯಾವ ರಸ್ತೆಯಲ್ಲಿ ಎಷ್ಟು ಕಿಲೋಮೀಟರ್ ಓಡಿತು ಎಂದು ಬರೆದಿಡಿ. ಹೆದ್ದಾರಿ, ಊರೊಳಗಿನ ರಸ್ತೆ, ಹಳ್ಳಿಯ ಕಿತ್ತುಹೋದ ಡಾಂಬರು, ಗರಸಿನ ದಾರಿ, ಹೊಲದ ದಾರಿ ಎಂಬ ಐದು ಕಲಮು ಸಾಕು. ‘ನನ್ನದು ಹೊಲದ ದಾರಿ, ದೊಡ್ಡ ಬಟನ್ ಟೈರೇ ಬೇಕು’ ಎನ್ನುತ್ತಿದ್ದ ನನ್ನ ಭಾವನವರ ಚೀಟಿಯಲ್ಲಿ ಹೊಲದ ದಾರಿ ನೂರಕ್ಕೆ ಆರು ಕಿಲೋಮೀಟರ್ ಕೂಡ ಇರಲಿಲ್ಲ. ಉಳಿದದ್ದೆಲ್ಲ ಗಂಗಾವತಿ, ಕೊಪ್ಪಳ, ಹೊಸಪೇಟೆಯ ಡಾಂಬರು ರಸ್ತೆ. ಆರು ಕಿಲೋಮೀಟರಿಗಾಗಿ ತೊಂಬತ್ತನಾಲ್ಕು ಕಿಲೋಮೀಟರ್ ಗೊಂಯ್ಗುಟ್ಟುವ ಸದ್ದು ಕೇಳುವುದು ಯಾಕೆಂದು ಅವರೇ ಕೊನೆಗೆ ನಕ್ಕರು.

ಇದರ ಜೊತೆಗೆ ಇನ್ನೆರಡನ್ನು ಬರೆಯಿರಿ. ಸಾಮಾನ್ಯವಾಗಿ ಗಾಡಿಯಲ್ಲಿ ಎಷ್ಟು ಜನ, ಎಷ್ಟು ಭಾರ ಇರುತ್ತದೆ? ದಿನದ ಯಾವ ಹೊತ್ತಿನಲ್ಲಿ ಹೆಚ್ಚು ಓಡುತ್ತದೆ? ಬೇಸಿಗೆಯಲ್ಲಿ ಬೆಳಗಿನ ಆರು ಗಂಟೆಯ ರಸ್ತೆಯೂ ಮಧ್ಯಾಹ್ನ ಎರಡು ಗಂಟೆಯ ರಸ್ತೆಯೂ ಟೈರಿನ ಪಾಲಿಗೆ ಎರಡು ಬೇರೆ ರಸ್ತೆಗಳು.

ಎರಡನೆಯದು: ಹಳೆಯ ಟೈರನ್ನು ಓದಿ

ಹಳೆಯ ಟೈರನ್ನು ಎಕ್ಸ್‌ಚೇಂಜ್‌ಗೆ ಹಾಕುವ ಮುನ್ನ ಹತ್ತು ನಿಮಿಷ ಅದರ ಮುಂದೆ ಕುಳಿತುಕೊಳ್ಳಿ. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಿಟ್ಟಿದ್ದೀರಿ. ಎರಡೂ ಅಂಚು ಸವೆದು ನಡುಭಾಗ ಉಳಿದಿದ್ದರೆ ಗಾಳಿ ಕಡಿಮೆ ಇತ್ತು, ಇಲ್ಲವೇ ಭಾರ ಹೆಚ್ಚಿತ್ತು. ಒಂದೇ ಅಂಚು ಕರಗಿದ್ದರೆ ಅಲೈನ್‌ಮೆಂಟ್, ಅಂದರೆ ಚಕ್ರ ನಿಲ್ಲುವ ಕೋನ, ತಪ್ಪಿದೆ. ಕೈಯಾಡಿಸಿದಾಗ ಅಲೆಅಲೆಯಾಗಿ ಹಳ್ಳದಿಣ್ಣೆ ಸಿಕ್ಕರೆ ಶಾಕ್ ಅಬ್ಸಾರ್ಬರ್ ದಣಿದಿದೆ. ಈ ಕಾಯಿಲೆಯನ್ನು ವಾಸಿಮಾಡದೆ ಎಷ್ಟು ದುಬಾರಿ ಟೈರ್ ಹಾಕಿದರೂ ಅದು ಹೀಗೆಯೇ ಸವೆಯುತ್ತದೆ.

ಬಟನ್‌ಗಳ ನಡುವಿನ ಗೀರುಗಳ ತಳದಲ್ಲಿ ಅಲ್ಲಲ್ಲಿ ಅಡ್ಡಲಾಗಿ ಸಣ್ಣ ದಿಂಡುಗಳಿರುತ್ತವೆ. ಕಾರಿನ ಟೈರಿನಲ್ಲಿ ಇವುಗಳ ಎತ್ತರ 1.6 ಮಿಲಿಮೀಟರ್. ಸವೆದ ಬಟನ್ ಈ ದಿಂಡಿಗೆ ಸಮನಾದರೆ ಟೈರಿನ ಕೆಲಸ ಮುಗಿಯಿತು. ಮಳೆಗಾಲದಲ್ಲೂ ಹೆದ್ದಾರಿಯಲ್ಲಿ ಓಡಾಡುವವರು ಅಲ್ಲಿಯವರೆಗೆ ಕಾಯದೆ ಮೂರು ಮಿಲಿಮೀಟರ್ ಉಳಿದಿರುವಾಗಲೇ ಬದಲಿಸುವುದು ಒಳ್ಳೆಯದು. ಗೀರು ಆಳವಾಗಿದ್ದಷ್ಟೂ ನೀರು ಬದಿಗೆ ಹರಿದು ಹೋಗುತ್ತದೆ. ಬೋಳು ಟೈರ್ ನೀರಿನ ಮೇಲೆ ತೇಲುತ್ತದೆ, ಆಗ ಸ್ಟೀರಿಂಗ್ ತಿರುಗಿಸಿದರೂ ಗಾಡಿ ಕೇಳುವುದಿಲ್ಲ.

ಮೂರನೆಯದು: ಪಕ್ಕೆಯ ಮೇಲಿನ ಬರಹ

ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಕಾಣುತ್ತದೆ. ಕೆಲವು ಗಾಡಿಗಳಲ್ಲಿ ಅದು ಪೆಟ್ರೋಲ್ ಮುಚ್ಚಳದ ಒಳಗಿರುತ್ತದೆ. ಟೈರಿನ ಅಳತೆ, ಖಾಲಿ ಇದ್ದಾಗ ಎಷ್ಟು ಗಾಳಿ, ಭಾರ ತುಂಬಿದಾಗ ಎಷ್ಟು ಗಾಳಿ ಎಲ್ಲವೂ ಅಲ್ಲಿದೆ. ಅದರ ಫೋಟೊ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಅಂಗಡಿಯವರು ಬಾಯಲ್ಲಿ ಹೇಳುವ ಅಳತೆಗಿಂತ ಇದಕ್ಕೇ ತೂಕ ಹೆಚ್ಚು.

ಟೈರಿನ ಪಕ್ಕೆಯ, ಅಂದರೆ ಬದಿಯ ಗೋಡೆಯ ಮೇಲೆ ಅಳತೆ 185/65 ಆರ್15 88ಎಚ್ ಎಂದಿದೆ ಎನ್ನಿ. 185 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 65 ಎಂದರೆ ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ ಅರವತ್ತೈದು ಪಾಲು. ಆರ್ ಎಂದರೆ ರೇಡಿಯಲ್, ಒಳಗಿನ ದಾರಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಅಡ್ಡಲಾಗಿ ಹಾಯ್ದ ಟೈರ್. 15 ರಿಮ್ಮಿನ ವ್ಯಾಸ, ಇಂಚಿನಲ್ಲಿ. 88 ಭಾರದ ಸಂಕೇತ. ಒಂದು ಟೈರ್ 560 ಕಿಲೋ ಹೊರಬಲ್ಲದು ಎಂದರ್ಥ. 85 ಆದರೆ 515 ಕಿಲೋ, 91 ಆದರೆ 615 ಕಿಲೋ. ಕೊನೆಯ ಅಕ್ಷರ ವೇಗದ ಮಿತಿ. ಟಿ ಇದ್ದರೆ ಗಂಟೆಗೆ 190 ಕಿಲೋಮೀಟರ್, ಎಚ್ ಇದ್ದರೆ 210. ಅಷ್ಟು ವೇಗದಲ್ಲಿ ನಾವು ಯಾರೂ ಓಡಿಸುವುದಿಲ್ಲ, ಓಡಿಸಲೂಬಾರದು. ಆದರೂ ಆ ಅಕ್ಷರವನ್ನು ಕಡೆಗಣಿಸಬೇಡಿ, ಯಾಕೆಂದರೆ ವೇಗದ ಮಿತಿ ಹೆಚ್ಚಿರುವ ಟೈರ್ ಬಿಸಿಯನ್ನೂ ಹೆಚ್ಚು ತಾಳಬೇಕಾಗುತ್ತದೆ. ಸ್ಟಿಕ್ಕರ್ ಹೇಳಿದ್ದಕ್ಕಿಂತ ಭಾರದ ಸಂಕೇತವನ್ನಾಗಲಿ ವೇಗದ ಅಕ್ಷರವನ್ನಾಗಲಿ ಇಳಿಸಬಾರದು, ಏರಿಸಬಹುದು.

ಕೆಲವು ಟೈರ್‌ಗಳ ಪಕ್ಕೆಯ ಮೇಲೆ ಟೆಂಪರೇಚರ್ ಎಂಬ ಪದದ ಮುಂದೆ ಎ, ಬಿ ಅಥವಾ ಸಿ ಎಂಬ ಅಕ್ಷರ ಇರುತ್ತದೆ. ಬಿಸಿ ತಾಳುವ ಶಕ್ತಿಯಲ್ಲಿ ಎ ಮೇಲಿನದು, ಸಿ ಕೆಳಗಿನದು. ಅದರ ಹತ್ತಿರವೇ ಟ್ರೆಡ್‌ವೇರ್ ಎಂಬ ಅಂಕಿ ಇರುತ್ತದೆ. ಅಂಕಿ ದೊಡ್ಡದಾದಷ್ಟೂ ರಬ್ಬರ್ ನಿಧಾನವಾಗಿ ಸವೆಯುತ್ತದೆ. ನಮ್ಮ ಬಿಸಿಲಿನವರು ಈ ಎರಡನ್ನೂ ಕೇಳಿ ನೋಡಿಯೇ ಕೊಳ್ಳಬೇಕು.

ಇನ್ನು ಅಗಲದ ಆಸೆ. ‘ಒಂದು ಸೈಜ್ ಮೇಲೆ ಹಾಕಿ, ಗಾಡಿ ಗಟ್ಟಿಯಾಗಿ ಕಾಣುತ್ತದೆ’ ಎನ್ನುವ ಅಂಗಡಿಗಳು ಎಲ್ಲ ಊರಲ್ಲೂ ಇವೆ. ಲೆಕ್ಕ ಹಾಕಿ ನೋಡಿ. 165/80 ಆರ್14 ಟೈರಿನ ಒಟ್ಟು ಎತ್ತರ ಸುಮಾರು 620 ಮಿಲಿಮೀಟರ್. 185/65 ಆರ್15 ಕೂಡ ಸುಮಾರು 621. ಆದ್ದರಿಂದಲೇ ಒಂದೇ ಕಾರಿನ ಕಡಿಮೆ ಬೆಲೆಯ ಮಾದರಿಗೆ ಮೊದಲನೆಯದನ್ನೂ ಹೆಚ್ಚು ಬೆಲೆಯ ಮಾದರಿಗೆ ಎರಡನೆಯದನ್ನೂ ಹಾಕಲು ಸಾಧ್ಯ. ಅದೇ 205/65 ಆರ್15 ಹಾಕಿದರೆ ಎತ್ತರ 647ಕ್ಕೆ ಹೋಗುತ್ತದೆ, ಅಂದರೆ ನೂರಕ್ಕೆ ನಾಲ್ಕರಷ್ಟು ಹೆಚ್ಚು. ಸ್ಪೀಡೋಮೀಟರ್ ಕಡಿಮೆ ವೇಗ ತೋರಿಸುತ್ತದೆ, ತಿರುವಿನಲ್ಲಿ ಟೈರ್ ಒಳಗೆ ಉಜ್ಜುತ್ತದೆ, ಮೈಲೇಜ್ ಇಳಿಯುತ್ತದೆ. ಎತ್ತರದ ವ್ಯತ್ಯಾಸ ನೂರಕ್ಕೆ ಮೂರನ್ನು ದಾಟದಿರಲಿ.

ನಾಲ್ಕನೆಯದು: ರಸ್ತೆಗೆ ತಕ್ಕ ಟೈರ್

ಮೊದಲು ಹೆದ್ದಾರಿ ಮತ್ತು ಬಿಸಿಲು. ಹೊಸಪೇಟೆಯಿಂದ ಕುಷ್ಟಗಿ, ಇಳಕಲ್ ಕಡೆಗೆ ಹೋಗುವ 50ನೇ ರಾಷ್ಟ್ರೀಯ ಹೆದ್ದಾರಿಯಲ್ಲಾಗಲಿ, ಕೊಪ್ಪಳ, ಗದಗದ ಮೂಲಕ ಹುಬ್ಬಳ್ಳಿಗೆ ಹೋಗುವ 67ನೇ ಹೆದ್ದಾರಿಯಲ್ಲಾಗಲಿ ಗಾಡಿ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುವ ನಮ್ಮಲ್ಲಿ ಕಪ್ಪು ಡಾಂಬರು ಅದಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತದೆ. ಟೈರ್ ಉರುಳುವಾಗ ಪ್ರತಿ ಸುತ್ತಿನಲ್ಲೂ ಪಕ್ಕೆ ಬಾಗಿ ನೆಟ್ಟಗಾಗುತ್ತದೆ. ಈ ಬಾಗುವಿಕೆಯಿಂದಲೇ ಒಳಗಿನ ಬಿಸಿ ಹುಟ್ಟುತ್ತದೆ. ಗಾಳಿ ಕಡಿಮೆಯಾದಷ್ಟೂ ಬಾಗುವುದು ಹೆಚ್ಚು, ಬಿಸಿಯೂ ಹೆಚ್ಚು. ಒಳಗಿನ ದಾರಗಳನ್ನು ಹಿಡಿದಿಟ್ಟ ರಬ್ಬರ್ ಬೆಂದು ಬಿಟ್ಟುಕೊಂಡಾಗ ಟೈರ್ ಒಡೆಯುತ್ತದೆ. ನನ್ನ ಮುಂದೆ ಸುರಿದ ಕಪ್ಪು ಪುಡಿ ಅದೇ.

ಹೆದ್ದಾರಿಯೇ ಹೆಚ್ಚು ಇರುವವರಿಗೆ ಸಾಮಾನ್ಯ ರಸ್ತೆಯ ಟೈರ್ ಸರಿ. ಎಸ್‌ಯುವಿಗಳಿಗಾದರೆ ಇದನ್ನು ಎಚ್‌ಟಿ ಎನ್ನುತ್ತಾರೆ. ಉದ್ದುದ್ದ ಗೀರುಗಳು, ಸಣ್ಣ ಬಟನ್, ಕಡಿಮೆ ಸದ್ದು, ಒಳ್ಳೆಯ ಬ್ರೇಕ್ ಹಿಡಿತ ಇದರ ಗುಣ. ಮೆತ್ತನೆಯ ರಬ್ಬರಿನ ಟೈರ್ ಅಂಗಡಿಯಿಂದ ಮನೆಗೆ ಬರುವಾಗ ಹಿತವಾಗಿರುತ್ತದೆ, ಆದರೆ ನಮ್ಮ ಬಿಸಿಲಿಗೆ ಬೇಗ ಕರಗುತ್ತದೆ. ಹೆಚ್ಚು ಓಡಿಸುವವರು ಟ್ರೆಡ್‌ವೇರ್ ಅಂಕಿ ದೊಡ್ಡದಿರುವುದನ್ನೇ ನೋಡಲಿ. ವರ್ಷಕ್ಕೆ ಏಳೆಂಟು ಸಾವಿರ ಕಿಲೋಮೀಟರ್ ಮಾತ್ರ ಓಡಿಸುವವರಿಗೆ ಆ ಚಿಂತೆ ಬೇಡ. ಅವರ ಟೈರ್ ಸವೆಯುವ ಮುನ್ನವೇ ಬಿಸಿಲಿಗೆ ಬಿರುಕು ಬಿಡುತ್ತದೆ.

ಎರಡನೆಯದು ಎರೆ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ಹಾಕಿದ ರಸ್ತೆಯೂ ಜೊತೆಯಲ್ಲೇ ಏರಿಳಿಯುತ್ತದೆ. ಮಾನ್ವಿ, ಮಸ್ಕಿ, ಲಿಂಗಸುಗೂರಿನ ಒಳರಸ್ತೆಗಳಲ್ಲಿ ಗಾಡಿ ದೋಣಿಯಂತೆ ತೂಗುವುದೂ, ಡಾಂಬರಿನ ಅಂಚು ಕತ್ತರಿಸಿದಂತೆ ಕುಸಿದಿರುವುದೂ ಇದರಿಂದಲೇ. ಎದುರಿನ ಬಸ್ಸಿಗೆ ದಾರಿ ಬಿಡಲು ಇಳಿದು ಮತ್ತೆ ಹತ್ತುವಾಗ ಆ ಅಂಚು ಟೈರಿನ ಪಕ್ಕೆಯನ್ನು ಕೊಯ್ಯುತ್ತದೆ. ಇಂಥ ರಸ್ತೆಗೆ ಪಕ್ಕೆ ಎತ್ತರ ಇರುವ ಟೈರೇ ಬೇಕು. ದೊಡ್ಡ ಅಲಾಯ್ ರಿಮ್ ಹಾಕಿ 55, 50ರ ತೆಳ್ಳನೆಯ ಪಕ್ಕೆಗೆ ಇಳಿದವರು ಮೊದಲ ಗುಂಡಿಗೇ ಟೈರಿನ ಜೊತೆ ರಿಮ್ಮನ್ನೂ ಕಳೆದುಕೊಳ್ಳುತ್ತಾರೆ. ಪಕ್ಕೆಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಕಂಡರೆ ಒಳಗಿನ ದಾರ ಹರಿದಿದೆ ಎಂದೇ ತಿಳಿಯಿರಿ. ಅದಕ್ಕೆ ರಿಪೇರಿ ಇಲ್ಲ.

ಒದ್ದೆ ಎರೆಯ ಹೊಲದ ದಾರಿಗೆ ಯಾವ ಟೈರ್ ಒಳ್ಳೆಯದು ಎಂದು ಬಹಳ ಜನ ಕೇಳುತ್ತಾರೆ. ಯಾವುದೂ ಅಲ್ಲ. ಕೆಸರಿಗೆಂದೇ ಮಾಡಿದ ಎಂಟಿ ಟೈರಿನ ದೊಡ್ಡ ಬಟನ್‌ಗಳ ನಡುವೆಯೂ ಎರೆ ಹತ್ತು ಸುತ್ತಿನಲ್ಲಿ ತುಂಬಿಕೊಂಡು, ಟೈರ್ ಮಣ್ಣು ಮೆತ್ತಿದ ಒನಕೆಯಂತಾಗುತ್ತದೆ. ಬೈಕಿನಲ್ಲಿ ಮಡ್‌ಗಾರ್ಡಿಗೂ ಟೈರಿಗೂ ನಡುವೆ ಮಣ್ಣು ಬಿಗಿದು ಚಕ್ರವೇ ನಿಲ್ಲುತ್ತದೆ; ಕಡ್ಡಿಯಿಂದ ಕೆದಕುತ್ತ ದಾರಿಯಲ್ಲಿ ಕುಳಿತವರಿಗೆ ಗೊತ್ತು. ನಮ್ಮ ರೈತರು ಮಾಡುವುದೇ ಸರಿ: ಗಾಡಿಯನ್ನು ಗಟ್ಟಿ ರಸ್ತೆಯಲ್ಲಿ ನಿಲ್ಲಿಸಿ ನಡೆದು ಹೋಗುವುದು, ಇಲ್ಲವೇ ಒಂದು ಹೊತ್ತಿನ ಬಿಸಿಲಿಗೆ ಕಾಯುವುದು. ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲದ ಮಾತು ಬೇರೆ. ಅಲ್ಲಿ ನೀರು ಬೇಗ ಇಂಗುತ್ತದೆ, ಮಳೆ ನಿಂತ ಮೇಲೆ ಎಟಿ ಟೈರ್, ಅಂದರೆ ಡಾಂಬರಿಗೂ ಮಣ್ಣಿನ ದಾರಿಗೂ ಎಂದು ಮಾಡಿದ ಟೈರ್, ಸಲೀಸಾಗಿ ಹೋಗುತ್ತದೆ.

ಮೂರನೆಯದು ಸಂಡೂರು, ತೋರಣಗಲ್ಲು ಕಡೆಯ ಅದಿರಿನ ರಸ್ತೆ. ಲಾರಿಯಿಂದ ಉದುರಿದ ಅದಿರಿನ ಕಲ್ಲುಗಳಿಗೆ ಚೂಪಾದ ಅಂಚು ಇರುತ್ತದೆ, ಭಾರವೂ ಹೆಚ್ಚು. ಬಟನ್‌ಗಳ ನಡುವೆ ಸಿಕ್ಕಿಕೊಂಡು ಉರುಳುತ್ತ ಉರುಳುತ್ತ ಒಳಕ್ಕೆ ಕೊರೆಯುತ್ತವೆ. ನಿತ್ಯ ಗಣಿ ಕಡೆಗೆ ಓಡಾಡುವ ಎಸ್‌ಯುವಿ, ಜೀಪುಗಳಿಗೆ ಎಟಿ ಟೈರ್ ಹಾಕಿಸುವುದು ಸಮರ್ಥನೀಯ. ಅದರ ಬಟನ್ ದಪ್ಪ, ಪಕ್ಕೆ ಗಟ್ಟಿ. ಆದರೆ ಒದ್ದೆ ಡಾಂಬರಿನ ಮೇಲೆ ಎಚ್‌ಟಿಯಷ್ಟು ಬೇಗ ನಿಲ್ಲುವುದಿಲ್ಲ, ಸದ್ದು ಮಾಡುತ್ತದೆ, ಡೀಸೆಲ್ ಸ್ವಲ್ಪ ಹೆಚ್ಚು ಕುಡಿಯುತ್ತದೆ. ವಾರಕ್ಕೊಮ್ಮೆ ಸ್ಕ್ರೂಡ್ರೈವರ್ ಹಿಡಿದು ಸಿಕ್ಕಿಕೊಂಡ ಕಲ್ಲುಗಳನ್ನು ಎಬ್ಬಿಸಿ ತೆಗೆಯಿರಿ. ಗಾಳಿಯ ಬಾಯಿಯ ಮುಚ್ಚಳ ಕಳೆದಿದ್ದರೆ ಹೊಸದು ಹಾಕಿಸಿ. ಆ ಕೆಂಪು ಧೂಳು ವಾಲ್ವಿನೊಳಗೆ ಸೇರಿದರೆ ಗಾಳಿ ಸೋರತೊಡಗುತ್ತದೆ.

ನಾಲ್ಕನೆಯದು ಕಾಲುವೆ ಸೀಮೆ. ತುಂಗಭದ್ರೆಯ ನೀರು ಹರಿಯುವ ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ಸುತ್ತ ನಾಟಿಯ ಸಮಯದಲ್ಲಿ ಕೇಜ್‌ವ್ಹೀಲ್, ಅಂದರೆ ಪಂಜರದಂಥ ಕಬ್ಬಿಣದ ಚಕ್ರ ಹಾಕಿದ ಟ್ರ್ಯಾಕ್ಟರ್‌ಗಳು ಗದ್ದೆಯ ಕೆಸರನ್ನು ಡಾಂಬರಿಗೆ ತಂದು ಹಾಕುತ್ತವೆ, ಡಾಂಬರನ್ನೂ ಕೆರೆಯುತ್ತವೆ. ಕೊಯ್ಲಿನ ಸಮಯದಲ್ಲಿ ಅದೇ ರಸ್ತೆಯ ಅರ್ಧದಲ್ಲಿ ಭತ್ತ ಒಣಗುತ್ತಿರುತ್ತದೆ. ಭತ್ತದ ಮೇಲೆ ಬ್ರೇಕ್ ಹಿಡಿದರೆ ಜೋಳ ಚೆಲ್ಲಿದ ಕಡಪ ಕಲ್ಲಿನ ಮೇಲೆ ಕಾಲಿಟ್ಟಂತೆ. ಇದಕ್ಕೆಂದು ಬೇರೆ ಟೈರ್ ಇಲ್ಲ. ಒದ್ದೆಯಲ್ಲಿ ಹಿಡಿತ ಚೆನ್ನಾಗಿರುವ, ಅಡ್ಡ ಗೀರುಗಳಿರುವ ಟೈರ್ ಇದ್ದರೆ ಲಾಭ. ಬೈಕಿನವರು ಭತ್ತ ಕಂಡಲ್ಲಿ ಮುಂದಿನ ಬ್ರೇಕಿನಿಂದ ಕೈ ತೆಗೆಯುವುದೇ ಮೇಲು.

ಮಳೆಯ ಬಗ್ಗೆ ಒಂದು ಮಾತು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆಯಾಗುವ ನಮ್ಮ ಕಡೆ ‘ಮಳೆಗಾಲದ ಟೈರ್’ ಎಂದು ತಲೆಕೆಡಿಸಿಕೊಳ್ಳುವವರು ಕಡಿಮೆ. ಅಪಾಯ ಇರುವುದು ಮೊದಲ ಮಳೆಯಲ್ಲಿ. ತಿಂಗಳುಗಟ್ಟಲೆ ಕುಳಿತ ಎಣ್ಣೆ, ಅದಿರಿನ ಧೂಳು, ಶಕ್ತಿನಗರ, ಕುಡತಿನಿಯ ಉಷ್ಣ ವಿದ್ಯುತ್ ಸ್ಥಾವರಗಳ ಸುತ್ತಲಾದರೆ ಹಾರುಬೂದಿ, ಎಲ್ಲ ಕಲೆತು ರಸ್ತೆಗೆ ಸೋಪು ಹಚ್ಚಿದಂತಾಗುತ್ತದೆ. ಮೊದಲ ಅರ್ಧ ಗಂಟೆ ಚಹಾದಂಗಡಿಯಲ್ಲಿ ಕಳೆಯುವುದಕ್ಕೆ ಇದಕ್ಕಿಂತ ಒಳ್ಳೆಯ ನೆಪ ಬೇಡ.

ಐದನೆಯದು: ಮುಳ್ಳಿನ ಲೆಕ್ಕ

ಬಳ್ಳಾರಿ ಜಾಲಿ ಮೂಲತಃ ಅಮೆರಿಕ ಖಂಡದ ಗಿಡ. ನಮ್ಮ ಊರಿನ ಹೆಸರು ಹೊತ್ತು ನಾಡೆಲ್ಲ ಹಬ್ಬಿದೆ. ಸೌದೆಗೆಂದು ಕಡಿದ ಕೊಂಬೆ ಸಾಗಿಸುವಾಗ ಉದುರಿದ ಮುಳ್ಳು ದಾರಿಯುದ್ದಕ್ಕೂ ಬಿದ್ದಿರುತ್ತದೆ. ಟ್ಯೂಬ್ ಇರುವ ಟೈರಿಗೆ ಮುಳ್ಳು ತಾಗಿದರೆ ಟ್ಯೂಬ್ ತೂತಾಗಿ ಗಾಳಿ ಬೇಗ ಹೋಗುತ್ತದೆ. ಟ್ಯೂಬ್‌ಲೆಸ್‌ನಲ್ಲಿ ರಬ್ಬರ್ ಮುಳ್ಳನ್ನು ಬಿಗಿಯಾಗಿ ಹಿಡಿದುಕೊಂಡು ಗಾಳಿಯನ್ನು ನಿಧಾನಕ್ಕೆ ಬಿಡುತ್ತದೆ. ಇದು ವರ. ಗಾಳಿ ಅಳೆಯದವನಿಗೆ ಶಾಪವೂ ಹೌದು, ನನಗೆ ಆದಂತೆ.

ಹಾಗಿದ್ದರೂ ಟ್ಯೂಬ್‌ಲೆಸ್ಸೇ ನನ್ನ ಆಯ್ಕೆ. ಮುಳ್ಳು ಕಂಡ ಕೂಡಲೇ ದಾರಿಯಲ್ಲಿ ಕೀಳಬೇಡಿ. ಗಾಳಿ ಹಿಡಿಸಿಕೊಂಡು ಪಂಕ್ಚರ್ ಅಂಗಡಿಗೆ ಹೋಗಿ, ಅಲ್ಲಿ ತೆಗೆಸಿ. ಒಂದು ಮುಳ್ಳು ಸಿಕ್ಕರೆ ಅಲ್ಲಿಗೆ ನಿಲ್ಲಿಸದೆ ಪೂರ್ತಿ ಟೈರಿಗೆ ಸೋಪಿನ ನೀರು ಹಾಕಿ ನೋಡಲು ಹೇಳಿ. ಬಟನ್ ಭಾಗದ ಸಣ್ಣ ತೂತಿಗೆ ಹೊರಗಿನಿಂದ ರಬ್ಬರ್ ಬತ್ತಿ ತುರುಕಿದರೆ ಊರು ಸೇರಬಹುದು. ಹೆದ್ದಾರಿಯಲ್ಲಿ ಓಡುವ ಗಾಡಿಯಾದರೆ ಟೈರ್ ಬಿಚ್ಚಿಸಿ ಒಳಗಿನಿಂದ ಪ್ಯಾಚ್ ಹಾಕಿಸುವುದು ಭದ್ರ. ಪಕ್ಕೆಯ ತೂತಿಗೆ ಪ್ಯಾಚ್ ಹಾಕಿಕೊಡುತ್ತೇನೆ ಎನ್ನುವವರಿಂದ ಕೈಮುಗಿದು ಹೊರಬನ್ನಿ. ಟ್ಯೂಬ್‌ಲೆಸ್ ಟೈರಿನೊಳಗೆ ಟ್ಯೂಬ್ ತೂರಿಸಿ ಕೊಡುವುದೂ ಬೇಡ, ಎರಡೂ ಉಜ್ಜಿ ಬಿಸಿಯಾಗುತ್ತವೆ. ಟೈರಿನೊಳಗೆ ಸುರಿಯುವ ಅಂಟುದ್ರವ ಹೊಲದ ಬೈಕಿಗೆ ಉಪಯೋಗಕ್ಕೆ ಬರುತ್ತದೆ. ವೇಗವಾಗಿ ಓಡುವ ಕಾರಿಗೆ ನಾನು ಹಾಕುವುದಿಲ್ಲ. ಬ್ಯಾಲೆನ್ಸಿಂಗ್, ಅಂದರೆ ಚಕ್ರದ ಸುತ್ತಲಿನ ತೂಕದ ಸಮತೋಲ, ಕೆಡುತ್ತದೆ, ಮುಳ್ಳು ಎಲ್ಲಿದೆ ಎಂಬುದೂ ಗೊತ್ತಾಗುವುದಿಲ್ಲ.

ಬೈಕ್, ಪಿಕಪ್, ಟ್ರ್ಯಾಕ್ಟರ್

ಬೈಕಿಗೆ ಮುಂದೆ ಉದ್ದ ಗೀರಿನ ಟೈರ್, ಹಿಂದೆ ಬಟನ್ ಟೈರ್ ಎಂಬ ಹಳೆಯ ರೂಢಿಗೆ ಅರ್ಥವಿದೆ. ಮುಂದಿನದು ದಾರಿ ಹಿಡಿಯುತ್ತದೆ, ಹಿಂದಿನದು ನೂಕುತ್ತದೆ. ಕಂಪನಿ ಕೊಟ್ಟ ಅಳತೆಗಿಂತ ಅಗಲದ ಟೈರ್ ಹಾಕಿದರೆ ತಿರುವಿನಲ್ಲಿ ಬೈಕ್ ಬಾಗಲು ಮೊಂಡಾಟ ಮಾಡುತ್ತದೆ. ಕಡ್ಡಿ ರಿಮ್ಮಿಗೆ ಸಾಮಾನ್ಯವಾಗಿ ಟ್ಯೂಬ್ ಟೈರೇ ಗತಿ.

ಪಿಕಪ್ಪಿನವರು ಮಾಡುವ ದೊಡ್ಡ ತಪ್ಪು ಬೆಲೆ ಕಡಿಮೆ ಎಂದು ಕಾರಿನ ಟೈರ್ ಹಾಕಿಸುವುದು. ಮೆಣಸಿನಕಾಯಿ ಚೀಲ ಎತ್ತರಕ್ಕೆ ಕಂಡರೂ ಹಗುರ. ಭತ್ತದ ಚೀಲ ಹಾಗಲ್ಲ. ಪಕ್ಕೆಯ ಮೇಲೆ ಪ್ಲೈ ರೇಟಿಂಗ್, ಅಂದರೆ ಟೈರಿನ ಭಾರ ಹೊರುವ ಗಟ್ಟಿತನದ ಅಂಕಿ ನೋಡಿ, ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಇರಬಾರದು. ಒಂದು ಅಚ್ಚಿನ ಎರಡೂ ಕಡೆ ಒಂದೇ ಬಗೆಯ ಟೈರ್ ಇರಲಿ. ರಿಸೋಲ್ ಮಾಡಿಸಿದ, ಅಂದರೆ ಸವೆದ ಮೇಲೆ ಹೊಸ ರಬ್ಬರ್ ಪದರ ಅಂಟಿಸಿದ ಟೈರನ್ನು ಮುಂದಿನ ಚಕ್ರಕ್ಕೆ ಹಾಕಬೇಡಿ.

ಟ್ರ್ಯಾಕ್ಟರ್ ಟೈರ್ ಬೇರೆಯದೇ ಲೇಖನ ಬೇಡುತ್ತದೆ. ಇಲ್ಲಿಗೆ ಇಷ್ಟು: ಒಣಬೇಸಾಯಕ್ಕೂ ಟ್ರೇಲರ್ ಎಳೆಯಲೂ ಆರ್-1 ಎಂಬ ಗುರುತಿನ ಬಟನ್ ಸಾಕು, ಕೆಸರು ಗದ್ದೆಗೆ ಆಳ ಬಟನ್ನಿನ ಆರ್-2 ಇದೆ. ಆರ್-2 ಡಾಂಬರಿನ ಮೇಲೆ ಬೇಗ ಸವೆಯುತ್ತದೆ. ಹೊಲದಲ್ಲಿ ಇಡುವ ಗಾಳಿಯನ್ನೇ ಇಟ್ಟುಕೊಂಡು ತುಂಬಿದ ಟ್ರೇಲರನ್ನು ರಸ್ತೆಗೆ ತರಬೇಡಿ. ಎರಡಕ್ಕೂ ಬೇರೆ ಬೇರೆ ಅಂಕಿಗಳು ಟ್ರ್ಯಾಕ್ಟರಿನ ಕೈಪಿಡಿಯಲ್ಲೇ ಇವೆ.

ಅಂಗಡಿಯಲ್ಲಿ

ಎಂಆರ್‌ಎಫ್, ಅಪೋಲೊ, ಸಿಯೆಟ್, ಜೆಕೆ, ಯಾವ ಕಂಪನಿಯಲ್ಲೂ ಒಳ್ಳೆಯದೂ ಸಾಧಾರಣವೂ ಎರಡೂ ಇವೆ. ಹೆಸರಿಗಿಂತ ಮಾದರಿ ಮುಖ್ಯ. ಐಎಸ್‌ಐ ಗುರುತು ಇರಲೇಬೇಕು.

ಮೊದಲು ನೋಡಬೇಕಾದದ್ದು ತಯಾರಾದ ದಿನ. ಪಕ್ಕೆಯ ಮೇಲೆ ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತವೆ. 1425 ಎಂದಿದ್ದರೆ 2025ರ 14ನೇ ವಾರ. ಒಂದು ಬದಿಯಲ್ಲಿ ಕಾಣದಿದ್ದರೆ ಇನ್ನೊಂದು ಬದಿ ತಿರುಗಿಸಿ. ಆರು ತಿಂಗಳೊಳಗಿನದಾದರೆ ಸಂತೋಷ, ವರ್ಷ ದಾಟಿದ್ದರೆ ನಾನು ಬೇಡ ಎನ್ನುತ್ತೇನೆ. ಬಾಗಿಲ ಹೊರಗೆ ಬಿಸಿಲಿಗೆ ಜೋಡಿಸಿಟ್ಟ ಟೈರ್ ಅಂತೂ ಬೇಡವೇ ಬೇಡ. ಒಂದು ಅಂಗಡಿಯಲ್ಲಿ ನನಗೆ ನಾಲ್ಕರಲ್ಲಿ ಮೂರು ಹೊಸದು, ಒಂದು ಎರಡು ವರ್ಷ ಹಳೆಯದು ಹಾಕಿ ಬಿಲ್ ಮಾಡಿದ್ದರು. ಆದ್ದರಿಂದ ನಾಲ್ಕನ್ನೂ ರಿಮ್ಮಿಗೆ ಏರಿಸುವ ಮುನ್ನವೇ ಓದಿ, ಸಂಖ್ಯೆಗಳನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ವಾರಂಟಿ ಕೇಳಲು ಹೋದಾಗ ಅದೇ ಆಧಾರ.

ದುಡ್ಡು ಎರಡಕ್ಕೆ ಮಾತ್ರ ಸಾಲುವಂತಿದ್ದರೆ ಹೊಸ ಜೋಡಿಯನ್ನು ಹಿಂದಕ್ಕೆ ಹಾಕಿಸಿ. ಎಲ್ಲರೂ ಮುಂದಕ್ಕೆ ಎನ್ನುತ್ತಾರೆ, ಎಂಜಿನ್ ಎಳೆಯುವುದು ಅಲ್ಲಿ ತಾನೆ ಎಂದು. ಆದರೆ ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಜಾರಿದರೆ ಗಾಡಿ ನೇರ ಹೋಗುತ್ತದೆ, ವೇಗ ಇಳಿಸಿದರೆ ಮತ್ತೆ ಹಿಡಿತ ಸಿಗುತ್ತದೆ. ಹಿಂದಿನದು ಜಾರಿದರೆ ಗಾಡಿಯೇ ಬುಗುರಿಯಾಗುತ್ತದೆ.

ಪಕ್ಕೆಯಲ್ಲಿ ಬಾಣದ ಗುರುತಿದ್ದರೆ ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗೇ ಅದು ಇರಬೇಕು. ಔಟ್‌ಸೈಡ್ ಎಂದು ಬರೆದಿದ್ದರೆ ಆ ಮುಖ ಹೊರಗೆ. ಹೊಸ ವಾಲ್ವ್, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮೂರೂ ಆ ದಿನವೇ ಆಗಲಿ. ಹೊಸ ಟೈರಿನ ಮೇಲ್ಮೈ ನುಣುಪಾಗಿರುತ್ತದೆ, ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಜೋರಾಗಿ ಬ್ರೇಕ್ ಹಿಡಿಯದೆ ಓಡಿಸಿ.

ಗಾಳಿ

ಬೇಸಿಗೆಯಲ್ಲಿ ಗಾಳಿ ಹಿಗ್ಗುತ್ತದೆ, ಆದ್ದರಿಂದ ಎರಡು ಮೂರು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಕಡಿಮೆ ಇಡಬೇಕು ಎಂಬ ಮಾತು ನಮ್ಮ ಮೂರೂ ಜಿಲ್ಲೆಗಳಲ್ಲಿ ವೇದವಾಕ್ಯದಂತೆ ನಡೆಯುತ್ತದೆ. ಇದು ತಿರುಗುಮುರುಗು. ಓಡುವಾಗ ನಾಲ್ಕೈದು ಪಿಎಸ್‌ಐ ಏರುವುದನ್ನು ಕಂಪನಿ ಲೆಕ್ಕಕ್ಕೆ ತೆಗೆದುಕೊಂಡೇ ಸ್ಟಿಕ್ಕರ್ ಬರೆದಿರುತ್ತದೆ. ಕಡಿಮೆ ಇಟ್ಟರೆ ಪಕ್ಕೆ ಹೆಚ್ಚು ಬಾಗಿ ಇನ್ನಷ್ಟು ಬಿಸಿಯಾಗುತ್ತದೆ. ಕಾದ ಟೈರಿನಿಂದ ಗಾಳಿ ಬಿಡುವುದಂತೂ ಕೈಯಾರೆ ತರುವ ಕಂಟಕ. ಸ್ಟಿಕ್ಕರಿನ ಅಂಕಿ ತಣ್ಣಗಿರುವ ಟೈರಿಗೆ ಹೇಳಿದ್ದು. ಬೆಳಿಗ್ಗೆ ಗಾಡಿ ಹೊರಡುವ ಮುನ್ನ, ಅಥವಾ ಎರಡು ಮೂರು ಕಿಲೋಮೀಟರಿನೊಳಗಿನ ಬಂಕಿನಲ್ಲಿ ಹಿಡಿಸಬೇಕು.

ಹವೆ ಐದಾರು ಡಿಗ್ರಿ ಬದಲಾದರೆ ಒತ್ತಡ ಸುಮಾರು ಒಂದು ಪಿಎಸ್‌ಐ ಬದಲಾಗುತ್ತದೆ. ಮೇ ತಿಂಗಳ 42 ಡಿಗ್ರಿಯಲ್ಲಿ 33 ಇಟ್ಟು ಮರೆತ ಟೈರ್, ಒಂದು ಹನಿ ಸೋರದಿದ್ದರೂ, ಜನವರಿಯ 17 ಡಿಗ್ರಿಯ ಮುಂಜಾವಿನಲ್ಲಿ 29ರ ಹತ್ತಿರ ಇರುತ್ತದೆ. ಹದಿನೈದು ದಿನಕ್ಕೊಮ್ಮೆ ನೋಡಿ. ಜೇಬಿನಲ್ಲಿ ಇಡುವ ಗೇಜ್ ಒಂದನ್ನು ಕೊಳ್ಳಿ, ಬಂಕಿನ ಯಂತ್ರಗಳೆಲ್ಲ ಒಂದೇ ಸತ್ಯ ಹೇಳುವುದಿಲ್ಲ. ನೈಟ್ರೋಜನ್ ಬೇಕೇ? ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್. ಒತ್ತಡ ಸ್ವಲ್ಪ ನಿಧಾನ ಇಳಿಯುತ್ತದೆ, ಅಷ್ಟೆ. ಪುಕ್ಕಟೆ ಸಿಕ್ಕರೆ ಹಿಡಿಸಿ.

ಸುಮಾರು ಎಂಟು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಟೈರ್‌ಗಳ ಜಾಗ ಬದಲಿಸಿ. ಐದು ವರ್ಷ ದಾಟಿದ ಟೈರನ್ನು, ಬಟನ್ ಎಷ್ಟೇ ಇರಲಿ, ವರ್ಷಕ್ಕೊಮ್ಮೆ ಬಿಚ್ಚಿ ಒಳಗೂ ನೋಡಿಸಿ. ಹತ್ತು ವರ್ಷದ್ದನ್ನು ಬಾವಿಕಟ್ಟೆಯ ಬಳಿ ಮಕ್ಕಳ ಉಯ್ಯಾಲೆಗೆ ಕಟ್ಟಿ.

ಕೊನೆಗೆ ಸ್ಟೆಪ್ನಿ. ಟ್ಯೂಬ್‌ಲೆಸ್ ಟೈರ್, ಗಾಳಿ ತೋರಿಸುವ ಸಾಧನ, ಪಂಕ್ಚರ್ ಕಿಟ್ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು 2020ರಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಿಸಿದೆ. ಹೊಸ ಕಾರು ಕೊಳ್ಳುವವರು ಡಿಕ್ಕಿ ಎತ್ತಿ ನೋಡಿಯೇ ಮುಂಗಡ ಕೊಡಿ. ಲಿಂಗಸುಗೂರಿನಿಂದ ಮುದಗಲ್ಲಿನ ನಡುವೆ ರಾತ್ರಿ ಹತ್ತು ಗಂಟೆಗೆ ಪಕ್ಕೆ ಸೀಳಿದರೆ ಕಿಟ್ಟಿನ ಅಂಟು ಯಾವ ಉಪಕಾರಕ್ಕೂ ಬರುವುದಿಲ್ಲ. ಸ್ಟೆಪ್ನಿ ಇರುವವರು ಅದರಲ್ಲಿ ಎರಡು ಮೂರು ಪಿಎಸ್‌ಐ ಹೆಚ್ಚೇ ಇಟ್ಟುಕೊಳ್ಳಿ. ಬಂಕಿನಲ್ಲಿ ನಾಲ್ಕಕ್ಕೂ ಹಿಡಿಸಿದ ಮೇಲೆ ‘ಐದನೆಯದು ಇದೆ’ ಎಂದು ನಾನು ಡಿಕ್ಕಿ ಎತ್ತುತ್ತೇನೆ. ಗಾಳಿ ಹಿಡಿಯುವ ಹುಡುಗ ಪ್ರತಿ ಸಲವೂ ಮುಖ ಸಿಂಡರಿಸುತ್ತಾನೆ, ಸಾಮಾನುಗಳನ್ನೆಲ್ಲ ನಾನೇ ಇಳಿಸಿಕೊಡುತ್ತೇನೆ.